ಕಿಲ್ನ್ ಮತ್ತೆ ಬಿಸಿಯಾಯಿತು, ನಿಮ್ಮೆಲ್ಲರಿಂದ

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬೆಳ್ಳಂದೂರು ಕಡೆ ನೀರು ನುಗ್ಗಿದಾಗ ನಾವು ಮಣ್ಣಿನ ಪಾತ್ರೆ ಮಾಡುವ ಸ್ಟುಡಿಯೋನೂ ಮುಳುಗಿತ್ತು. ಒಳಗೆ ಸೊಂಟದ ಮಟ್ಟಕ್ಕೆ ನೀರು. ಆ ನೀರಲ್ಲಿ ನೆನೆದ ನಮ್ಮ ಕಿಲ್ನ್, ಅಂದರೆ ಪಾತ್ರೆ ಸುಡುವ ಕರೆಂಟ್ ಗೂಡು, ಕಳೆದ ವಾರ 1220 ಡಿಗ್ರಿ ಮುಟ್ಟಿತು. ಇದಕ್ಕೆ ಕೈ ಹಚ್ಚಿದವರಿಗೆಲ್ಲ ಈ ಬರಹ.

ನಮ್ಮದು ಹಂಚಿಕೊಂಡು ನಡೆಸುವ ಜಾಗ. ವೀಲ್ (ಕುಂಬಾರರ ಚಕ್ರ), ಕಿಲ್ನ್, ಗ್ಲೇಜ್ (ಪಾತ್ರೆಗೆ ಬಳಿದು ಸುಟ್ಟಾಗ ಗಾಜಿನಂತಾಗುವ ಲೇಪ) ಎಲ್ಲ ಒಬ್ಬರೇ ಕೊಳ್ಳುವುದು ಕಷ್ಟ. ಕೊಂಡರೂ ಅರ್ಧ ಖಾಲಿ ಕಿಲ್ನ್ ಉರಿಸಿದರೆ ಕರೆಂಟ್ ದಂಡ. ಅದಕ್ಕೇ ಎಲ್ಲರ ಸಾಮಾನು ಒಟ್ಟಿಗೆ ಸುಡುತ್ತೇವೆ.

ಮೊದಲ ಕೆಲಸ ಕೆಸರು ತೆಗೆಯುವುದಾಗಿತ್ತು. ಬಂದದ್ದು ಬರೀ ಮಳೆ ನೀರಲ್ಲ, ಚರಂಡಿ ನೀರೂ ಸೇರಿತ್ತು. ಕೆಸರು ಒಣಗುವ ಮೊದಲೇ ಎತ್ತಬೇಕಿತ್ತು. ಒಣ ಮಣ್ಣಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಪೊರಕೆ ಮುಟ್ಟದೆ, ಒದ್ದೆ ಬಟ್ಟೆ ಹಿಡಿದು ಮೂಲೆಮೂಲೆ ಒರೆಸಿದ ಕಾಲೇಜು ಹುಡುಗ ಹುಡುಗಿಯರೇ, ನೀವು ಸದಸ್ಯರೂ ಅಲ್ಲ. ಆದರೂ ದಿನವೂ ಬಂದಿರಿ.

ಇನ್ನು ಗ್ಲೇಜ್‌ಗೆ ಬೆರೆಸುವ ಬಿಳಿ ಪುಡಿಗಳ ಕಥೆ. ಬಿಗಿ ಮುಚ್ಚಳದ, ಅರ್ಧ ತುಂಬಿದ ಡಬ್ಬಗಳು ನೀರಿನಲ್ಲಿ ತೇಲುತ್ತಿದ್ದವು. ಒಳಗಿನ ಪುಡಿ ಒಣಗೇ ಇತ್ತು, ಆದರೆ ಮೇಲಿನ ಚೀಟಿಗಳೆಲ್ಲ ಕಳಚಿ ಹೋಗಿದ್ದವು. ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್, ಚೈನಾ ಕ್ಲೇ, ವೈಟಿಂಗ್, ಎಲ್ಲವೂ ನೋಡಲು ಹೆಚ್ಚುಕಡಿಮೆ ಒಂದೇ ಬಿಳುಪು. ಯಾವುದೆಂದು ತಿಳಿಯದ ಪುಡಿಯನ್ನು ಊಟದ ತಟ್ಟೆಗೆ ಬಳಿಯಲಾಗದು. ಹೊಸದು ತರಲು ದುಡ್ಡಿರಲಿಲ್ಲ. ಆಗ ನಮ್ಮ ಕೆಮಿಸ್ಟ್ರಿ ಮೇಡಂ ಅಡುಗೆಮನೆಯಿಂದ ವಿನೆಗರ್ ಬಾಟಲಿ ಹಿಡಿದು ಬಂದರು. ಒಂದೊಂದು ಚಿಟಿಕೆಗೆ ಒಂದೊಂದು ಹನಿ. ಬುರುಬುರು ನೊರೆ ಬಂದದ್ದು ವೈಟಿಂಗ್, ಅಂದರೆ ಸುಣ್ಣಕಲ್ಲಿನ ಪುಡಿ. ನೀರಲ್ಲಿ ಕಲಸಿದಾಗ ಅಂಟಂಟಾಗಿ ಉಂಡೆ ಕಟ್ಟಿದ್ದು ಚೈನಾ ಕ್ಲೇ. ಉಳಿದ ಎರಡನ್ನು ಬೆಂಕಿಯೇ ಹೇಳಬೇಕಿತ್ತು. ನಗರದ ಇನ್ನೊಂದು ಸ್ಟುಡಿಯೋದವರು ತಮ್ಮ ಕಿಲ್ನ್‌ನ ಮೂಲೆಯಲ್ಲಿ ನಮ್ಮ ಪುಟ್ಟ ಬಟ್ಟಲುಗಳಿಗೂ ಜಾಗ ಕೊಟ್ಟರು. 1250 ಡಿಗ್ರಿಯಲ್ಲಿ ಒಂದು ಕರಗಿ ಹಾಲಿನ ಬಣ್ಣದ ಗಾಜಾಗಿತ್ತು, ಅದು ಫೆಲ್ಡ್‌ಸ್ಪಾರ್. ಇನ್ನೊಂದು ಹಾಗೇ ಪುಡಿಯಾಗಿ ಉಳಿದಿತ್ತು, ಅದು ಕ್ವಾರ್ಟ್ಜ್. ಮೇಡಂ, ನಿಮ್ಮ ಕೈಬರಹದ ಹೊಸ ಚೀಟಿಗಳು ಈಗ ಮುಚ್ಚಳದ ಒಳಗೂ ಇವೆ.

ಬೆಂಗಳೂರಿನದೇ ಪಾಟರಿ ಟೌನ್‌ನ ಕುಂಬಾರ ಕುಟುಂಬದವರಿಗೆ ಥ್ಯಾಂಕ್ಸ್ ಹೇಗೆ ಹೇಳಲಿ? ದೀಪಾವಳಿಗೆ ಹಣತೆ ಮಾಡಿ ಮಾರಿ ರಿಪೇರಿಗೆ ದುಡ್ಡು ಹೊಂದಿಸೋಣ ಅಂತ ಹೊರಟೆವು, ಸುಡಲು ಕಿಲ್ನ್ ಇಲ್ಲ. ವರ್ಷದಲ್ಲೇ ಅವರಿಗೆ ಜಾಸ್ತಿ ಕೆಲಸ ಇರುವ ಸಮಯ ಅದು. ಆದರೂ ತಮ್ಮ ಸೌದೆ ಆವಿಗೆಯಲ್ಲಿ ನಮ್ಮ ಹಣತೆಗೂ ಜಾಗ ಮಾಡಿದರು. ಹೆಚ್ಚು ಶಾಖ ಬೇಡುವ ನಮ್ಮ ಸ್ಟೋನ್‌ವೇರ್ ಮಣ್ಣು ಆವಿಗೆಯ ಶಾಖಕ್ಕೆ ಪೂರ್ತಿ ಗಟ್ಟಿಯಾಗುವುದಿಲ್ಲವೆಂದು ತಮ್ಮ ಕೆಂಪು ಮಣ್ಣನ್ನೇ ಕೊಟ್ಟರು. ಅಲ್ಲಿನ ಹಿರಿಯರೊಬ್ಬರು ಪ್ರತಿ ಹಣತೆಯ ತಳ ಒತ್ತಿ ನೋಡಿ, ಹಸಿ ಇದ್ದದ್ದನ್ನು ಬಿಸಿಲಿಗೆ ವಾಪಸ್ ಕಳಿಸಿದರು. ಅಜ್ಜಾ, ನಮ್ಮ ಹಣತೆ ಆವಿಗೆಯಲ್ಲಿ ಒಡೆಯಲಿಲ್ಲ ಅಂದರೆ ಅದು ನಿಮ್ಮ ಕಣ್ಣಿನ ಪುಣ್ಯ. ಊರಿನ ದೊಡ್ಡ ಸ್ಟುಡಿಯೋಗಳ ಬಗ್ಗೆ ಬರೆಯುವವರು ಒಮ್ಮೆ ಪಾಟರಿ ಟೌನ್‌ಗೂ ಹೋಗಿ ಬರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಬಾಡಿಗೆ ಬಿಟ್ಟುಕೊಟ್ಟ ಮನೆ ಓನರ್‌ಗೆ, ವರ್ಷದ ಫೀಸನ್ನು ಮುಂಚೆಯೇ ಕಟ್ಟಿದ ಸದಸ್ಯರಿಗೆ ನಮಸ್ಕಾರ.

ಎಲೆಕ್ಟ್ರಿಷಿಯನ್ ಅಣ್ಣನಿಗೆ ಮಾತ್ರ ಎರಡು ಮಾತು ಹೆಚ್ಚಿಗೆ. ಕಿಲ್ನ್‌ನ ಇಟ್ಟಿಗೆ ಸಣ್ಣ ಸಣ್ಣ ರಂಧ್ರಗಳದ್ದು, ನೀರು ಚೆನ್ನಾಗಿ ಕುಡಿದಿತ್ತು. ಅವಸರದಲ್ಲಿ ಬಿಸಿ ಮಾಡಿದ್ದರೆ ಒಳಗಿನ ನೀರು ಆವಿಯಾಗಿ ಇಟ್ಟಿಗೆ ಸೀಳುತ್ತಿತ್ತು. ನಾವೆಲ್ಲ ಇವತ್ತು ಹಚ್ಚೋಣ, ನಾಳೆ ಹಚ್ಚೋಣ ಅನ್ನುತ್ತಿದ್ದರೂ ಅವರು ಒಪ್ಪಲಿಲ್ಲ. ಮುಚ್ಚಳ ತೆಗೆದು ಫ್ಯಾನ್ ಇಟ್ಟರು. ಆಮೇಲೆ ಒಳಗೆ ಬಲ್ಬ್ ಹಾಕಿ ವಾರಗಟ್ಟಲೆ ಒಣಗಿಸಿದರು. ಕಿಲ್ನ್ ಬಿಸಿ ಮಾಡುವ ಎಲಿಮೆಂಟ್ ತಂತಿ ಒಮ್ಮೆ ಕಾದು ತಣಿದ ಮೇಲೆ ಮುಟ್ಟಿದರೆ ಮುರಿಯುತ್ತದೆ, ತೆಗೆದು ತೊಳೆಯಲು ಬರುವುದಿಲ್ಲ. ಹೊಸದನ್ನು ತಾವೇ ಕೂತು ಜೋಡಿಸಿದರು. ಕೂಲಿ ಮಾತ್ರ ಅರ್ಧ ತೆಗೆದುಕೊಂಡರು.

ಕೊನೆಯದಾಗಿ ನಮ್ಮ ಅಕ್ಕನಿಗೆ. ಸುಟ್ಟ ಪಾತ್ರೆಗೆ ನೀರು ಏನೂ ಮಾಡುವುದಿಲ್ಲ, ತೊಳೆದರೆ ಆಯ್ತು. ಸುಡದ ಪಾತ್ರೆ ಮಾತ್ರ ಕರಗಿ ಕೆಸರಾಗುತ್ತದೆ. ಆ ದಿನ ಕೆಳಗಿನ ಶೆಲ್ಫ್‌ನಲ್ಲಿ ಸುಡಲು ಕಾಯುತ್ತಿದ್ದದ್ದೆಲ್ಲ ನಿಮ್ಮ ಪ್ರದರ್ಶನದ ಹೂಜಿಗಳು. ಒಂದೂ ಉಳಿಯಲಿಲ್ಲ. ಮಾರನೇ ದಿನ ಎಲ್ಲರಿಗಿಂತ ಮೊದಲು ಬಕೆಟ್ ಹಿಡಿದು ಬಂದವರೂ ನೀವೇ. ಅಕ್ಕಾ, ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೇವೆ: ಮುಂದಿನ ಲೋಡ್ ಪೂರ್ತಿ ನಿಮ್ಮದು. ಕರೆಂಟ್ ಬಿಲ್ ನಾವು ಕಟ್ಟುತ್ತೇವೆ. ನೀವು ಸುಮ್ನೆ ಹೂಜಿ ಮಾಡಿ.