ಹಾಡಿಗೆ ಬಂದ ಭಿಕ್ಷುಕನ ಬಗ್ಗೆ

ಪ್ರೀತಿಯ ಪುಟ್ಟಾ,

ಆಶೀರ್ವಾದಗಳು. ನೀನು ಕಳಿಸಿದ ಹಾಡು ಕೇಳಿದೆ. ಡ್ರಮ್ಸ್ ಚೆನ್ನಾಗಿದೆ, ನಿನ್ನ ದನಿಯೂ ಪಳಗಿದೆ. ಆದರೆ ಸಿಗ್ನಲ್ ಹತ್ತಿರ ಕೈಚಾಚುವ ಆ ಮುದುಕ ಮೂರನೇ ಚರಣದಲ್ಲಿ ದೇವರಾಗಿಬಿಡುತ್ತಾನಲ್ಲ, ಅದು ನನಗೆ ಹಿಡಿಸಲಿಲ್ಲ. ಮಧ್ಯದಲ್ಲಿ ಬರುವ ತಂಬೂರಿ ಪದದ ಬಗ್ಗೆಯೂ ಹೇಳುವುದಿದೆ.

ಹೀಗೆ ಬರೆದವರಲ್ಲಿ ನೀನೇ ಮೊದಲನೆಯವನಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವಾಗ ನನಗೆ ಬಹಳ ಇಷ್ಟವಾದ ಒಂದು ಸ್ಕಾಟಿಷ್ ಲಾವಣಿ ಇತ್ತು, 'ಹೈಂಡ್ ಹಾರ್ನ್' ಅಂತ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಸೇರಿಸಿಟ್ಟ 305 ಲಾವಣಿಗಳಲ್ಲಿ ಅದು 17ನೆಯದು. ಹಾರ್ನ್ ಒಬ್ಬ ರಾಜಕುಮಾರಿಯನ್ನು ಪ್ರೀತಿಸಿ ದೂರ ದೇಶಕ್ಕೆ ಹೋಗಿರುತ್ತಾನೆ. ಅವಳು ಕೊಟ್ಟ ಉಂಗುರದ ಹರಳು ಒಂದು ದಿನ ಕಳೆಗುಂದುತ್ತದೆ. ಗಾಬರಿಯಾಗಿ ವಾಪಸ್ ಬರುತ್ತಾನೆ. ದಾರಿಯಲ್ಲಿ ಸಿಕ್ಕ ಮುದಿ ಭಿಕ್ಷುಕನಿಂದ ಅವಳ ಮದುವೆಯ ಸುದ್ದಿ ತಿಳಿಯುತ್ತದೆ. ಅವನ ಹರಕು ಬಟ್ಟೆ ತೊಟ್ಟು ಮದುವೆ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಅವಳು ಕುಡಿಯಲು ಕೊಟ್ಟ ಬಟ್ಟಲಿಗೆ ಉಂಗುರ ಹಾಕುತ್ತಾನೆ. ಅವಳು ಮೈಮೇಲಿನ ಚಿನ್ನ ಕಿತ್ತೆಸೆದು, ನಿನ್ನ ಜೊತೆ ತಿರಿದುಣ್ಣಲೂ ಬರುತ್ತೇನೆ ಅನ್ನುತ್ತಾಳೆ. ನಾನು ಭಿಕ್ಷುಕನಲ್ಲ ಅಂತ ಅವನು ಆಗ ಹೇಳುತ್ತಾನೆ.

ಚೆಂದದ ಕತೆ. ಆದರೆ ದಾರಿಯಲ್ಲಿ ಬಟ್ಟೆ ಬಿಚ್ಚಿಕೊಟ್ಟ ಆ ಮುದುಕ ಏನಾದ? ಹಾಡು ಅವನ ಕಡೆ ಮತ್ತೆ ನೋಡುವುದೇ ಇಲ್ಲ. ಹರಕು ಬಟ್ಟೆಯವನಿಗೆ ಮರ್ಯಾದೆ ಸಿಕ್ಕಿದ್ದು ಅವನು ನಿಜವಾದ ಭಿಕ್ಷುಕನಲ್ಲ ಅಂತ ಗೊತ್ತಾದ ಮೇಲೆ. ನಿನ್ನ ಮೂರನೇ ಚರಣವೂ ಅದನ್ನೇ ಮಾಡುತ್ತಿದೆ. ಆ ಮುದುಕ ಬರೀ ಮುದುಕನಾಗಿಯೇ ಉಳಿದರೆ ಹಾಡಿಗೆ ಸಾಲದೇ?

ಗಾದೆಗಳು ಇನ್ನೂ ಕಠಿಣ. ಬಯಸಿದ್ದೆಲ್ಲ ಕುದುರೆಯಾಗುವುದಾದರೆ ಭಿಕ್ಷುಕರೂ ಸವಾರಿ ಮಾಡುತ್ತಿದ್ದರು ಅಂತ ಇಂಗ್ಲಿಷರು ಹೇಳುತ್ತಾರೆ. ನಾವು ಅಷ್ಟೇ ಸಲೀಸಾಗಿ 'ತಿರುಕನ ಕನಸು' ಅಂತೇವೆ. ಮುಪ್ಪಿನ ಷಡಕ್ಷರಿಯ ಆ ಪದ್ಯವನ್ನು ನೀನೂ ಓದಿದ್ದೀಯ. ಮುರುಕು ಧರ್ಮಶಾಲೆಯಲ್ಲಿ ಒರಗಿದವನು ಕನಸಿನಲ್ಲಿ ರಾಜನಾಗುತ್ತಾನೆ, ದಂಡು ಬಂದು ಮುತ್ತಿದಾಗ ಹೆದರಿ ಕಣ್ಣು ಬಿಡುತ್ತಾನೆ. ಅದು ನಮ್ಮೆಲ್ಲರಿಗೂ ಹೇಳಿದ ಮಾತು, ಒಪ್ಪುತ್ತೇನೆ. ಆದರೆ ದಿನನಿತ್ಯದ ಮಾತಿನಲ್ಲಿ ಉಳಿದಿರುವುದು ತಿರುಕನನ್ನು ನೋಡಿ ನಗುವುದು ಮಾತ್ರ.

ನಿನ್ನ ರಾಕ್‌ನವರು ಸ್ವಲ್ಪ ಹತ್ತಿರ ಹೋಗಿದ್ದಾರೆ. 1971ರಲ್ಲಿ ಜೆಥ್ರೊ ಟಲ್ ತಂಡ ಮಾಡಿದ 'ಅಕ್ವಾಲಂಗ್' ಕೇಳು. ತಂಡದ ಗಾಯಕ ಇಯಾನ್ ಆಂಡರ್ಸನ್ ಅವರ ಆಗಿನ ಹೆಂಡತಿ ಜೆನ್ನಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಮನೆಯಿಲ್ಲದವರ ಫೋಟೊ ತೆಗೆದಿದ್ದರು. ಅವುಗಳಿಂದ ಆ ಹಾಡು ಹುಟ್ಟಿತು. ಅದರಲ್ಲಿ ಮುದುಕ ರಾಜನೂ ಆಗುವುದಿಲ್ಲ, ದೇವರೂ ಆಗುವುದಿಲ್ಲ. ಕೊಳಕು ಮೈಯಲ್ಲಿ, ಚಳಿಯಲ್ಲಿ ಏದುಸಿರು ಬಿಡುತ್ತಾನೆ. ನೋಡುವವರಿಗೆ ಅಸಹ್ಯವೂ ಆಗುತ್ತದೆ, ಕನಿಕರವೂ ಆಗುತ್ತದೆ. ಎರಡನ್ನೂ ಮುಚ್ಚಿಡದೆ ಹಾಡಿದ್ದಾರೆ. ನೀನು ಕಲಿಯಬೇಕಾದದ್ದು ಅದನ್ನು.

ಇನ್ನು ತಂಬೂರಿ ಪದ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಮಂಟೇಸ್ವಾಮಿ ಪರಂಪರೆಯ ಗಾಯಕರಾದ ನೀಲಗಾರರೊಬ್ಬರು ಹಾಡುತ್ತಿದ್ದುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸೇರಿಸಿದೆ ಅಂತ ಬರೆದಿದ್ದೀಯ. ಅವರ ಹೆಸರು ಎಲ್ಲೂ ಇಲ್ಲ. ಅವರು ಹಾಡುತ್ತಿದ್ದುದು ಮಂಟೇಸ್ವಾಮಿ ಕಾವ್ಯ. ಅಲ್ಲೂ ದೇವರೇ ಭಿಕ್ಷುಕನ ವೇಷದಲ್ಲಿ ಬಸವಣ್ಣನ ಕಲ್ಯಾಣಕ್ಕೆ ಬರುತ್ತಾನಲ್ಲ ಅತ್ತೆ ಅಂತ ನೀನು ಕೇಳಬಹುದು. ಬರುತ್ತಾನೆ. ಆದರೆ ಅಲ್ಲಿ ಧರೆಗೆ ದೊಡ್ಡವರು, ಅಂದರೆ ಮಂಟೇಸ್ವಾಮಿ, ನೋಡಲಾಗದ ರೂಪದಲ್ಲೇ ಬಂದು, ಬಾಗಿಲಲ್ಲಿ ತಡೆದವರನ್ನು, ದೊಡ್ಡ ಶರಣರು ಅನ್ನಿಸಿಕೊಂಡವರನ್ನು ಪರೀಕ್ಷೆಗೆ ನಿಲ್ಲಿಸುತ್ತಾರೆ. ಅದನ್ನು ಹಾಡುವವರೂ ದೀಕ್ಷೆ ಪಡೆದು, ಮನೆಮನೆ ಮುಂದೆ ಭಿಕ್ಷೆಗೆ ನಿಂತವರು. ಅದು ಅವರ ಬಾಳಿನ ಹಾಡು. ನೀನು ಕಾರಿನಲ್ಲಿ ಕೂತು ಗಾಜಿನಾಚೆ ನೋಡಿದವನು.

ಬೀದಿಯಲ್ಲಿ ಹಾಡುವವರನ್ನು ಕಾನೂನು ಹೇಗೆ ನೋಡಿದೆ ಗೊತ್ತಾ? 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯ ಪ್ರಕಾರ, ಬೀದಿಯಲ್ಲಿ ಹಾಡಿ ಕಾಸು ಕೇಳಿದರೆ ಆ ಹಾಡು ಬೇಡುವುದಕ್ಕೆ ಒಂದು ನೆಪ. ಅದೇ ಕಾಯ್ದೆ ದೆಹಲಿಯಲ್ಲೂ ಜಾರಿಯಲ್ಲಿತ್ತು. ಅಲ್ಲಿಯ ಹೈಕೋರ್ಟ್ 2018ರಲ್ಲಿ ಅದರ ಮುಖ್ಯ ಭಾಗಗಳನ್ನು ತೆಗೆದುಹಾಕಿತು. ಬಸ್ ಸ್ಟ್ಯಾಂಡಿನಲ್ಲಿ ನೆಪ ಅನ್ನಿಸಿಕೊಂಡದ್ದು ನಿನ್ನ ಸ್ಟುಡಿಯೊದಲ್ಲಿ ಸಂಗೀತವಾಗುವುದಾದರೆ, ಅದರ ಫಲ ಅವರಿಗೂ ಸಿಗಬೇಕು ಅಲ್ವಾ?

ಟೆಕ್ಸಾಸಿನ ಬೀದಿಗಳಲ್ಲಿ ಚಿಲ್ಲರೆಗಾಗಿ ಗಿಟಾರ್ ನುಡಿಸುತ್ತಿದ್ದ ಬ್ಲೈಂಡ್ ವಿಲ್ಲಿ ಜಾನ್ಸನ್ ಕತೆ ಓದು. 1927ರಲ್ಲಿ ಅವರು ರೆಕಾರ್ಡ್ ಮಾಡಿದ ಒಂದು ಹಾಡನ್ನು 1977ರಲ್ಲಿ ವಾಯೇಜರ್ ನೌಕೆಗಳು ಬಾಹ್ಯಾಕಾಶಕ್ಕೆ ಹೊತ್ತುಕೊಂಡು ಹೋದವು. ಆದರೆ ಅವರು 1945ರಲ್ಲೇ, ಬೆಂಕಿಗೆ ಸುಟ್ಟ ಮನೆಯಲ್ಲಿ ಮಲಗಿ ಕಾಯಿಲೆ ಬಿದ್ದು ತೀರಿಕೊಂಡಿದ್ದರು. ಅವರದೇ ಇನ್ನೊಂದು ಹಾಡಿನಿಂದ ಲೆಡ್ ಜೆಪ್ಪೆಲಿನ್ ಎಂಬ ರಾಕ್ ತಂಡದವರು 1976ರಲ್ಲಿ ತಮ್ಮದೊಂದು ಮಾಡಿಕೊಂಡರು. ಬರೆದವರು ಅಂತ ಅಚ್ಚಾದದ್ದು ಆ ತಂಡದ ಪೇಜ್ ಮತ್ತು ಪ್ಲಾಂಟ್ ಹೆಸರು. ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ನಿನ್ನ ಕೈಯಿಂದ ಅದು ಆಗಬಾರದು.

ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ ಶುರುವಾಗುತ್ತದೆ. ನೀಲಗಾರರು ಅಲ್ಲಿ ಸೇರುತ್ತಾರೆ. ರಜೆ ಹಾಕಿ ಹೋಗು. ನೀನು ರೆಕಾರ್ಡ್ ಮಾಡಿದವರನ್ನು ಹುಡುಕು. ಸಿಗದಿದ್ದರೆ ಬೇರೆ ನೀಲಗಾರರಿಗೆ ದನಿ ಕೇಳಿಸು, ಗುರುತು ಹಿಡಿದಾರು. ಹಾಡನ್ನು ಏನು ಮಾಡಿದ್ದೀಯ ಅಂತ ಅವರಿಗೇ ಕೇಳಿಸಿ ಒಪ್ಪಿಗೆ ತಗೋ. ಹೆಸರು ಹಾಕು, ದುಡ್ಡಿನಲ್ಲಿ ಪಾಲು ಕೊಡು. ಭಿಕ್ಷೆ ಅಂತಲ್ಲ, ಸಂಭಾವನೆ ಅಂತ. ಬೇಡ ಅಂದರೆ ಆ ಭಾಗ ತೆಗೆದುಬಿಡು. ಅಲ್ಲಿಯವರೆಗೂ ಹಾಡು ಬಿಡುಗಡೆ ಮಾಡಬೇಡ. ಮೂರನೇ ಚರಣ ಹೊಸದಾಗಿ ಬರೆದ ಮೇಲೆ ನನಗೆ ಕಳಿಸು.

ಇಂತಿ ನಿನ್ನ
ಅತ್ತೆ