ನಕಲಿ ಕಿಟ್ ಕೊಳ್ಳಬೇಡಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಸ್ಕೇಲ್ ಮಾಡೆಲ್ (ಬಿಡಿಭಾಗಗಳ ಕಿಟ್ ತಂದು ಜೋಡಿಸುವ ಪುಟ್ಟ ಪ್ರತಿಕೃತಿ) ಹವ್ಯಾಸದ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಯುದ್ಧವಿಮಾನಗಳ ಕಿಟ್ ಕೂಡಿಡುವ ನನ್ನಂಥವರನ್ನು ಮನೆಯವರು ಬಿಟ್ಟರೆ ಬೇರೆ ಯಾರೂ ವಿಚಾರಿಸುವುದಿಲ್ಲ. ಅವರೂ ಕೇಳುವುದು ‘ಇದನ್ನೆಲ್ಲ ಎಲ್ಲಿಡ್ತೀಯ?’ ಅಂತ. ಆದರೆ ಆ ಬರಹ ಏರ್‌ಫಿಕ್ಸ್, ತಮಿಯಾ, ರೆವೆಲ್ ಅಂತ ದೊಡ್ಡ ಹೆಸರುಗಳಿಗೇ ನಿಂತುಬಿಟ್ಟಿತು. ಸಣ್ಣ ತಯಾರಕರ ಮಾತೇ ಇರಲಿಲ್ಲ.

ದೊಡ್ಡ ಕಂಪನಿಗಳು ಸ್ಪಿಟ್‌ಫೈರ್, ಮೆಸ್ಸರ್‌ಸ್ಮಿಟ್ 109, ಮಸ್ಟಾಂಗ್‌ನಂಥ ಹೆಸರಾಂತ ಯುದ್ಧವಿಮಾನಗಳನ್ನೇ ಮತ್ತೆ ಮತ್ತೆ ತರುತ್ತವೆ. ಅವರನ್ನು ಬೈದು ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಕಿಟ್‌ಗೆ ಉಕ್ಕಿನ ಅಚ್ಚು ಕೊರೆಸಲು ಸಿಕ್ಕಾಪಟ್ಟೆ ಖರ್ಚು, ಸಾವಿರಗಟ್ಟಲೆ ಮಾರಿದರಷ್ಟೇ ಗಿಟ್ಟುತ್ತದೆ. ಯುಗೊಸ್ಲಾವಿಯದ ಐಕೆ-3 ಫೈಟರ್ ನೋಡಿ. ಮೂಲಮಾದರಿಯೂ ಸೇರಿ ತಯಾರಾದದ್ದೇ 13. 1941ರ ಏಪ್ರಿಲ್‌ನಲ್ಲಿ ಜರ್ಮನಿ ಯುಗೊಸ್ಲಾವಿಯದ ಮೇಲೆ ದಾಳಿ ಮಾಡಿದಾಗ ಅವುಗಳಲ್ಲಿ ಹಾರಲು ಸಿದ್ಧವಿದ್ದದ್ದು ಬೆರಳೆಣಿಕೆಯಷ್ಟು. ಇಂಥ ವಿಮಾನ ನಮ್ಮ ಕಪಾಟಿಗೆ ಬರಬೇಕಾದರೆ, ಅದರ ಹುಚ್ಚು ಹಿಡಿದ ಒಬ್ಬಿಬ್ಬರು ತಮ್ಮ ಮನೆಯ ಕೋಣೆಯಲ್ಲಿ ರೆಸಿನ್ (ಅಚ್ಚಿಗೆ ಹುಯ್ದರೆ ಗಟ್ಟಿಯಾಗುವ ದ್ರವ) ಎರಕ ಹುಯ್ಯಬೇಕು.

ಉಕ್ಕಿನ ಅಚ್ಚಿಗೆ ಆಯಸ್ಸು ಜಾಸ್ತಿ. ಬ್ರಿಟನ್ನಿನ ಫ್ರಾಗ್ ಎಂಬ ಕಿಟ್ ಕಂಪನಿ 1970ರ ದಶಕದಲ್ಲಿ ಬಾಗಿಲು ಹಾಕಿತು. ಅದರ ಅಚ್ಚುಗಳು ಸೋವಿಯತ್ ಒಕ್ಕೂಟಕ್ಕೆ ಹೋಗಿ ನೋವೊ ಹೆಸರಲ್ಲಿ ಮತ್ತೆ ಬಂದವು. ಜರ್ಮನ್, ಜಪಾನಿ ವಿಮಾನಗಳು ಸೋವಿಯತ್‌ನವರಿಗೆ ಬೇಡವಾಗಿದ್ದವು, ಅವು ರೆವೆಲ್ ಪಾಲಾದವು. ರೆಸಿನ್ ಕಿಟ್‌ನ ಸಿಲಿಕೋನ್ ರಬ್ಬರ್ ಅಚ್ಚು ಹಾಗಲ್ಲ. ಕೆಲವು ಡಜನ್ ಎರಕಕ್ಕೆ ಹರಿದುಹೋಗುತ್ತದೆ, ಮತ್ತೆ ಹೊಸದು ಮಾಡಬೇಕು. ಮಾಡುವವರು ಕೈಬಿಟ್ಟರೆ ಆ ಕಿಟ್ ಕಥೆ ಅಲ್ಲಿಗೇ ಮುಗಿಯಿತು.

ಈ ರೆಸಿನ್ ಕಿಟ್‌ಗಳು ಸುಲಭದ್ದೇನಲ್ಲ. ಎರಡು ಭಾಗ ಸರಿಯಾಗಿ ಕೂರಲಿ ಅಂತ ಇರುವ ಸಣ್ಣ ಗೂಟಗಳು ಇರುವುದಿಲ್ಲ. ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು. ಈಗ ನನ್ನ ಮೇಜಿನ ಮೇಲಿರುವ ಕಿಟ್‌ನಲ್ಲಿ ಬಲ ರೆಕ್ಕೆ ಸೊಟ್ಟಗೇ ಬಂದಿತ್ತು. ಬಿಸಿ ನೀರಲ್ಲಿ ಅದ್ದಿದೆ, ಮೆತ್ತಗಾಯಿತು. ಗಾಜಿನ ಹಲಗೆ ಮೇಲೆ ಒತ್ತಿ ಹಿಡಿದು, ಹಾಗೇ ತಣ್ಣೀರಿಗೆ ಇಳಿಸಿದೆ. ನೆಟ್ಟಗಾಯಿತು. ತೆಳು ಪಾರದರ್ಶಕ ಹಾಳೆಯ ಕ್ಯಾನೊಪಿ (ಪೈಲಟ್ ಕೂರುವ ಜಾಗದ ಮೇಲಿನ ಮುಚ್ಚಳ) ಎರಡು ಕೊಟ್ಟಿದ್ದಾರೆ, ಕತ್ತರಿಸುವಾಗ ಒಂದು ಹಾಳಾದರೂ ಇರಲಿ ಅಂತ. ಹೊಸ ಬ್ಲೇಡಿನಿಂದ ಗೀರಿದ ಜಾಗದಲ್ಲೇ ಹಗುರವಾಗಿ ಗೀರುತ್ತಾ ಹೋಗಬೇಕು. ಅವಸರ ಮಾಡಿದರೆ ಸೀಳುತ್ತದೆ. (ಹೊಸಬರಿಗೆ ಒಂದು ಮಾತು: ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಉಪ್ಪುಕಾಗದ ಒದ್ದೆ ಮಾಡಿಯೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ.)

ರೆಸಿನ್ ಕಿಟ್ ಮಾಡುವ ಸಣ್ಣ ತಯಾರಕರ ಹೊಟ್ಟೆ ಮೇಲೆ ಹೊಡೆಯುತ್ತಿರುವುದು ನಕಲಿ ಎರಕದವರು. ಒಂದೇ ಒಂದು ಕಿಟ್ ಕೊಂಡು, ಅದರ ಮೇಲೇ ರಬ್ಬರ್ ಹುಯ್ದು ಅಚ್ಚು ತೆಗೆದು, ಕಡಿಮೆ ಬೆಲೆಗೆ ಮಾರುತ್ತಾರೆ. ಮೂಲದವರು ನಕ್ಷೆ, ಹಳೆಯ ಫೋಟೊ ಹುಡುಕಿ ಕೂತು ಮಾಡಿದ ಕೆಲಸಕ್ಕೆ ಪುಡಿಗಾಸೂ ಸಿಗುವುದಿಲ್ಲ. ‘ಅಸಲಿ ದುಬಾರಿ, ಏನ್ ಮಾಡೋದು’ ಅನ್ನುವ ಗೆಳೆಯರು ನನಗೂ ಇದ್ದಾರೆ. ದುಬಾರಿ ನಿಜ. ಹಾಗಾದರೆ ಮೂರು ಕೊಳ್ಳುವ ಕಡೆ ಒಂದು ಕೊಳ್ಳಿ, ಅಲ್ವಾ? ಹೇಗೂ ಕಟ್ಟದೇ ಅಟ್ಟದಲ್ಲಿ ಬಿದ್ದಿರುವ ಡಬ್ಬಿಗಳು ಎಲ್ಲರ ಮನೆಯಲ್ಲೂ ಇವೆ.

ನಕಲಿಯನ್ನು ಗುರುತಿಸುವುದು ತೀರಾ ಕಷ್ಟವಲ್ಲ. ಎರಕದಿಂದ ಎರಕಕ್ಕೆ ರೆಸಿನ್ ಚೂರು ಕುಗ್ಗುವುದರಿಂದ ಬಿಡಿಭಾಗಗಳು ಕೊಂಚ ಚಿಕ್ಕದಿರುತ್ತವೆ. ವಿಮಾನದ ಮೈಮೇಲೆ ಕಾಣುವ ತಗಡಿನ ಜೋಡಣೆಯ ಗೆರೆಗಳು ಮಸುಕಾಗಿರುತ್ತವೆ. ಗಾಳಿಗುಳ್ಳೆಯ ತೂತು ಜಾಸ್ತಿ. ಜೋಡಿಸುವ ವಿವರದ ಹಾಳೆ ಬರೀ ಜೆರಾಕ್ಸ್ ಆಗಿರುತ್ತದೆ. ಅನುಮಾನ ಬಂದರೆ ದುಡ್ಡು ಕೊಡುವ ಮೊದಲು ಮೂಲ ತಯಾರಕರಿಗೇ ಫೋಟೊ ಕಳಿಸಿ ಕೇಳಿ. ತಮ್ಮ ಮಾಲನ್ನು ಅವರು ನೋಡಿದ ತಕ್ಷಣ ಗುರುತು ಹಿಡಿಯುತ್ತಾರೆ.

– ಒಬ್ಬ ಓದುಗ