ಬೆನ್ನಿನ ಇಂಜೆಕ್ಷನ್ ಬಗ್ಗೆ ನೀನು ಕೇಳಿದ್ದಕ್ಕೆ

ಪ್ರೀತಿಯ ಪುಟ್ಟಿ,

ಹೆರಿಗೆ ನೋವು ತಡೆಯಲು ಬೆನ್ನಿಗೆ ಇಂಜೆಕ್ಷನ್ ತಗೊಳ್ಳಲಾ ಬೇಡವಾ ಅಂತ ಸೀಮಂತದ ದಿನ ಅಡುಗೆಮನೆಯಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡುವ ಮೊದಲೇ ಎಲ್ಲರೂ ಉತ್ತರ ಕೊಟ್ಟುಬಿಟ್ಟರು. ಬೆನ್ನಿಗೆ ಚುಚ್ಚಿಸಿಕೊಂಡರೆ ಜೀವಮಾನವಿಡೀ ಸೊಂಟ ಹಿಡಿದುಕೊಳ್ಳುತ್ತೆ ಅಂದರು ದೊಡ್ಡಮ್ಮ. ನಾವೆಲ್ಲ ಹೆತ್ತಿಲ್ವಾ ಅಂದರು ನಿಮ್ಮ ಅತ್ತೆಯವರು. ನಿನ್ನ ವಾರಗಿತ್ತಿ, ಕಣ್ಣು ಮುಚ್ಚಿಕೊಂಡು ತಗೋ, ಏನೂ ಗೊತ್ತಾಗಲ್ಲ ಅಂದಳು. ಎಲ್ಲರೂ ನಿನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಆದರೆ ನಿನ್ನ ಮುಖ ನೋಡಿದರೆ ಮೊದಲಿಗಿಂತ ಜಾಸ್ತಿ ಗೊಂದಲ ಆದ ಹಾಗಿತ್ತು. ಅದಕ್ಕೇ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ನೀನೂ ನಿಧಾನವಾಗಿ ಓದು. ಅಳಿಯಂದಿರಿಗೂ ಓದಲು ಕೊಡು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎಪಿಡ್ಯೂರಲ್, ಅಂದರೆ ಬೆನ್ನಿಗೆ ಕೊಡುವ ಆ ನೋವಿನ ಇಂಜೆಕ್ಷನ್, ಬೇಕು ಅನ್ನಿಸಿದಾಗ ತಗೋ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಬೇಡ ಅನ್ನಿಸಿದರೆ ಬೇಡ. ನೋವು ತಿಂದರೇ ತಾಯಿ ಅನ್ನುವ ಮಾತನ್ನು ಹೆರಿಗೆ ವಾರ್ಡಿನಲ್ಲೇ ನೌಕರಿ ಮಾಡಿ ನಿವೃತ್ತಳಾದ ನಾನು ಯಾವತ್ತೂ ಒಪ್ಪಿಲ್ಲ. ಆದರೆ ಆ ಹೊತ್ತಿನಲ್ಲಿ ನಿನ್ನ ಮಾತು ನಡೆಯಬೇಕಾದರೆ ಕೆಲವು ವಿಷಯ ಈಗಲೇ ನಿನಗೆ ಗೊತ್ತಿರಬೇಕು. ಕೆಲವನ್ನು ಆಸ್ಪತ್ರೆಯವರ ಹತ್ತಿರ ಈಗಲೇ ಕೇಳಿ ಇಟ್ಟುಕೊಳ್ಳಬೇಕು. ನೋವು ಶುರುವಾದ ಮೇಲೆ ಕೇಳುವುದಕ್ಕೂ ಆಗುವುದಿಲ್ಲ, ಕೇಳಿಸಿಕೊಳ್ಳುವುದಕ್ಕೂ ಆಗುವುದಿಲ್ಲ.

ಮೊದಲು ಏನು ಮಾಡುತ್ತಾರೆ ಅಂತ ಹೇಳುತ್ತೇನೆ. ಕೈಗೆ ಡ್ರಿಪ್ ಹಾಕುತ್ತಾರೆ. ನಿನ್ನನ್ನು ಮಂಚದ ಅಂಚಿಗೆ ಕೂರಿಸಿ, ದಿಂಬು ತಬ್ಬಿಕೊಂಡು ಗದ್ದ ಎದೆಗೆ ತಾಗುವ ಹಾಗೆ ಬಗ್ಗು ಅನ್ನುತ್ತಾರೆ. ಕೂರಲು ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮುದುಡಿಕೊಳ್ಳಬಹುದು. ಬೆನ್ನಿಗೆ ತಣ್ಣಗಿನ ಔಷಧಿ ಹಚ್ಚಿ ಒರೆಸುತ್ತಾರೆ. ಆ ಜಾಗ ಮರಗಟ್ಟಲು ಒಂದು ಸಣ್ಣ ಇಂಜೆಕ್ಷನ್ ಕೊಡುತ್ತಾರೆ, ಅದು ಉರಿಯುತ್ತದೆ. ಆಮೇಲಿನ ದಪ್ಪ ಸೂಜಿ ಒತ್ತಿದ ಹಾಗೆ ಗೊತ್ತಾಗುತ್ತದೆ ಅಷ್ಟೆ. ಸೂಜಿ ಹಾಕುವಾಗ ನೋವು ಬಂದರೆ "ಬಂತು" ಅಂತ ಹೇಳು, ಡಾಕ್ಟರು ಕೈ ನಿಲ್ಲಿಸುತ್ತಾರೆ. ಅಲ್ಲಾಡದೆ ಕೂರುವುದೇ ಅಲ್ಲಿ ಕಷ್ಟದ ಕೆಲಸ. ಎಷ್ಟೋ ಹುಡುಗಿಯರು ಆ ಹೊತ್ತಿನಲ್ಲಿ ನನ್ನ ಎರಡೂ ಹೆಗಲು ಹಿಡಿದುಕೊಂಡು, ಹಣೆಯನ್ನು ನನ್ನ ಎದೆಗೆ ಒತ್ತಿ ಕೂತಿದ್ದಾರೆ. ಸೂಜಿ ಒಳಗೆ ಉಳಿಯುವುದಿಲ್ಲ. ಅದನ್ನು ತೆಗೆದು, ಹೊಲಿಗೆ ದಾರದಷ್ಟು ಸಣ್ಣ ಟ್ಯೂಬನ್ನು ಮಾತ್ರ ಬಿಟ್ಟು ಬೆನ್ನಿಗೆ ಪ್ಲಾಸ್ಟರ್ ಅಂಟಿಸುತ್ತಾರೆ. ಔಷಧಿ ಅದರಲ್ಲಿ ಸ್ವಲ್ಪ ಸ್ವಲ್ಪವೇ ಹೋಗುತ್ತಿರುತ್ತದೆ. ನೋವು ಇಳಿಯಲು ಸುಮಾರು 20 ನಿಮಿಷ ಬೇಕು. ಹೊಟ್ಟೆ ಗಟ್ಟಿಯಾಗುವುದು ಗೊತ್ತಾಗುತ್ತದೆ, ಕೆಳಗೆ ಒತ್ತಿದ ಹಾಗೂ ಇರುತ್ತದೆ. ಕಿತ್ತುಕೊಂಡು ಹೋಗುವಂಥ ಆ ನೋವು ಇರುವುದಿಲ್ಲ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಂಬಬೇಡ. 8ರಲ್ಲಿ ಒಬ್ಬರಿಗೆ ಅದು ಸಾಕಷ್ಟು ಕೆಲಸ ಮಾಡುವುದಿಲ್ಲ ಅಂತ ಬ್ರಿಟನ್ನಿನ ಅನಸ್ತೇಶಿಯಾ (ಅರಿವಳಿಕೆ) ಡಾಕ್ಟರುಗಳು ತಾಯಂದಿರಿಗೆ ಕೊಡುವ ಮಾಹಿತಿಯಲ್ಲೇ ಇದೆ. ಕೆಲವರಿಗೆ ಒಂದೇ ಮಗ್ಗುಲು ಮರಗಟ್ಟುತ್ತದೆ. ಟ್ಯೂಬನ್ನು ಸ್ವಲ್ಪ ಹಿಂದಕ್ಕೆ ಎಳೆಯಬೇಕಾಗಬಹುದು, ಕೆಲವೊಮ್ಮೆ ಹೊಸದಾಗಿಯೇ ಹಾಕಬೇಕಾಗಬಹುದು. ಹಾಗಾದಾಗ ಬಾಯಿ ಬಿಟ್ಟು ಹೇಳು. ಹೇಗಿದ್ದರೂ ಇಂಜೆಕ್ಷನ್ ಕೊಟ್ಟಾಯಿತಲ್ಲ ಅಂತ ಸುಮ್ನೆ ಹಲ್ಲು ಕಚ್ಚಿಕೊಂಡು ಮಲಗಬೇಡ.

ಈಗ ದೊಡ್ಡಮ್ಮನ ಮಾತಿಗೆ ಬರುತ್ತೇನೆ, ಯಾಕೆಂದರೆ ನಿನಗೆ ಎಲ್ಲಕ್ಕಿಂತ ಹೆದರಿಕೆ ಆಗಿದ್ದು ಅದರಿಂದಲೇ. ಸೂಜಿ ಹಾಕಿದ ಜಾಗ ಕೆಲವು ದಿನ ಮುಟ್ಟಿದರೆ ನೋಯುತ್ತದೆ. ಆದರೆ ವರ್ಷಗಟ್ಟಲೆ ಕಾಡುವ ಬೆನ್ನು ನೋವಿಗೆ ಎಪಿಡ್ಯೂರಲ್ ಕಾರಣ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಹೆರಿಗೆ ಆದವರಲ್ಲಿ ಬೆನ್ನು ನೋವು ಬಹಳ ಸಾಮಾನ್ಯ, ಇಂಜೆಕ್ಷನ್ ಮುಟ್ಟದವರಿಗೂ ಬರುತ್ತದೆ. ಬಸುರಿನಲ್ಲಿ ಕೀಲುಗಳು ಸಡಿಲವಾಗಿರುತ್ತವೆ, ಹೊಟ್ಟೆಯ ಸ್ನಾಯು ಸೋತಿರುತ್ತದೆ, ಮೇಲಿಂದ ರಾತ್ರಿಯೆಲ್ಲ ಬಗ್ಗಿ ಹಾಲು ಕುಡಿಸಬೇಕು. ದೊಡ್ಡಮ್ಮನಿಗೆ ಆಗಿದ್ದು ಸಿಸೇರಿಯನ್. ಅದಾದ ಮೇಲೆ ಎರಡು ಮಕ್ಕಳನ್ನು ಎತ್ತಿ ಆಡಿಸಿ, ಬಾವಿಯಿಂದ ನೀರೂ ಸೇದಿದರು. ಅವರ ನೋವು ನಿಜ, ಅದನ್ನು ಅಲ್ಲಗಳೆಯಬೇಡ. ಆದರೆ ಅದರ ಕಾರಣಕ್ಕೆ ನೀನು ಹೆದರಬೇಡ.

ನಿಜವಾಗಿ ತಿಳಿದಿರಬೇಕಾದ ತೊಂದರೆ ಬೇರೆ ಇದೆ. 100ರಲ್ಲಿ ಒಬ್ಬರಿಗೆ ಜೋರು ತಲೆನೋವು ಬರುತ್ತದೆ. ಸೂಜಿ ಸ್ವಲ್ಪ ಮುಂದೆ ಹೋಗಿ ಒಳಗಿನ ಪೊರೆ ತೂತಾಗಿ, ಬೆನ್ನುಹುರಿಯ ಸುತ್ತ ಇರುವ ದ್ರವ ಸೋರುವುದರಿಂದ ಹೀಗಾಗುತ್ತದೆ. ಕೂತರೆ, ನಿಂತರೆ ತಲೆ ಸಿಡಿಯುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ. ಅದೇ ಅದರ ಗುರುತು. ನಮ್ಮಲ್ಲಿ ಬಾಣಂತಿಗೆ ತಲೆನೋವು ಅಂದರೆ ಗಾಳಿ ಹೊಕ್ಕಿದೆ ಅಂತ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಬಿಗಿಯುತ್ತಾರೆ. ನಿನಗೆ ಹಾಗಾದರೆ ನನಗೆ ಹೇಳು, ಅವತ್ತೇ ಡಾಕ್ಟರ ಹತ್ತಿರ ಹೋಗೋಣ. ಅದಕ್ಕೆ ಚಿಕಿತ್ಸೆ ಇದೆ. ಔಷಧಿಗೆ ಬಗ್ಗದಿದ್ದರೆ ನಿನ್ನದೇ ರಕ್ತವನ್ನು ಸ್ವಲ್ಪ ತೆಗೆದು ಬೆನ್ನಿನಲ್ಲಿ ಅದೇ ಜಾಗಕ್ಕೆ ಹಾಕುತ್ತಾರೆ, ಆ ತೂತು ಮುಚ್ಚಿಕೊಳ್ಳುತ್ತದೆ.

ಬಿಪಿ ಇಳಿಯಬಹುದು. ಅದಕ್ಕೇ ಆಗಾಗ ಬಿಪಿ ನೋಡುತ್ತಾರೆ, ಮಗುವಿನ ಎದೆಬಡಿತಕ್ಕೆ ಹೊಟ್ಟೆಗೆ ಬೆಲ್ಟ್ ಕಟ್ಟುತ್ತಾರೆ. ಮೈ ನಡುಗಬಹುದು, ತುರಿಕೆ ಬರಬಹುದು, ಸ್ವಲ್ಪ ಜ್ವರ ಕಾಣಿಸಬಹುದು. ಮೂತ್ರ ಬಂದದ್ದು ಗೊತ್ತಾಗದೆ ಟ್ಯೂಬ್ ಹಾಕಬೇಕಾಗಬಹುದು. ಕಾಲು ಭಾರ ಆಗುತ್ತದೆ, ಹಾಗಾಗಿ ಓಡಾಡಲು ಬಿಡುವುದು ಕಡಿಮೆ. ನರಕ್ಕೆ ಶಾಶ್ವತವಾಗಿ ಪೆಟ್ಟಾಗುವುದು ತೀರಾ ಅಪರೂಪ. 6 ತಿಂಗಳಿಗಿಂತ ಹೆಚ್ಚು ಉಳಿಯುವ ತೊಂದರೆ ಸುಮಾರು 13,000ಕ್ಕೆ ಒಬ್ಬರಿಗೆ ಅನ್ನುವುದು ಅದೇ ಬ್ರಿಟನ್ನಿನ ಲೆಕ್ಕ.

ಇಂಜೆಕ್ಷನ್ ತಗೊಂಡರೆ ಸಿಸೇರಿಯನ್ನೇ ಗತಿ ಅಂತಲೂ ಯಾರೋ ಅಂದರು ಅಲ್ವಾ? ಅದು ಸರಿಯಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2018ರ ವರದಿಯಲ್ಲಿ 40 ಅಧ್ಯಯನಗಳನ್ನು, 11,000ಕ್ಕೂ ಹೆಚ್ಚು ಹೆಂಗಸರ ಹೆರಿಗೆಯನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಸಿಸೇರಿಯನ್ ಜಾಸ್ತಿ ಆಗಿಲ್ಲ. ಮಗುವನ್ನು ಹೊರಗೆ ತಳ್ಳುವ ಹಂತ ಸ್ವಲ್ಪ ಉದ್ದ ಆಗುತ್ತದೆ, ಅದು ನಿಜ. ಮಗುವನ್ನು ಎಳೆದು ತೆಗೆಯಲು ವ್ಯಾಕ್ಯೂಮ್, ಫೋರ್ಸೆಪ್ಸ್ (ಇಕ್ಕಳ) ಹಾಕುವುದು ಹಳೆಯ ಅಧ್ಯಯನಗಳಲ್ಲಿ ಜಾಸ್ತಿ ಇತ್ತು. ಈಗಿನ ಹಾಗೆ ಔಷಧಿಯ ಪ್ರಮಾಣ ಕಡಿಮೆ ಮಾಡಿದ ಮೇಲೆ, 2005ರ ನಂತರದ ಅಧ್ಯಯನಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಮಗುವಿಗೆ ಹಾಲು ಕುಡಿಸಲು ಇದರಿಂದ ಅಡ್ಡಿಯಿಲ್ಲ.

ಇಷ್ಟೆಲ್ಲ ಹೇಳಿದ್ದು ತಗೋ ಅಂತ ನಿನ್ನನ್ನು ಒಪ್ಪಿಸಲು ಅಲ್ಲ. ನನ್ನ ಮನಸ್ಸಿನಲ್ಲಿ ಇರುವುದು ಬೇರೆ.

ನೀನು ಹುಟ್ಟಿದ್ದು ಬೆಂಗಳೂರಿನದೇ ಒಂದು ನರ್ಸಿಂಗ್ ಹೋಮಿನಲ್ಲಿ. ಆಗ ನಾನೂ ನರ್ಸ್. ಆದರೂ ಆ ರಾತ್ರಿ ನನ್ನ ಕೈಗೆ ಹಾಕಿದ ಡ್ರಿಪ್ಪಿನಲ್ಲಿ ಏನಿದೆ ಅಂತ ಕೇಳಿದ್ದಕ್ಕೆ, "ಸುಮ್ನೆ ಮಲ್ಕೊಳಮ್ಮ" ಅನ್ನುವ ಉತ್ತರ ಬಂತು. ನೋವು ಜಾಸ್ತಿ ಮಾಡುವ ಔಷಧಿ ಅದು. ಹತ್ತು ನಿಮಿಷದಲ್ಲಿ ಒಂದರ ಬೆನ್ನಿಗೆ ಒಂದು ನೋವು ಬರತೊಡಗಿದಾಗ ನನಗೇ ಗೊತ್ತಾಯಿತು. ನಿಮ್ಮಪ್ಪನನ್ನೂ ನಿನ್ನ ಅಜ್ಜಿಯನ್ನೂ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಕೂಗಿದರೆ ಬೈಗುಳ. ಒಬ್ಬರು ಆಯಾ ಮಾತ್ರ ನೆಲ ಒರೆಸುವ ಕೆಲಸದ ನಡುವೆ ಬಂದು ಬಂದು ನನ್ನ ಸೊಂಟ ನೀವಿ ಹೋಗುತ್ತಿದ್ದರು. ಅವರ ಕೈಗೆ ಫಿನಾಯಿಲ್ ವಾಸನೆ ಇತ್ತು. ಆ ನೋವು ಹೇಗಿತ್ತು ಅಂತ ಈಗ ಕೇಳಿದರೆ ಹೇಳಲು ಬರುವುದಿಲ್ಲ. ಆದರೆ ನನ್ನ ಮೈಗೆ ಏನು ಹಾಕುತ್ತಿದ್ದಾರೆ ಅಂತ ನನಗೇ ಹೇಳಲಿಲ್ಲವಲ್ಲ, ಅದು ಇವತ್ತಿಗೂ ಕುದಿಯುತ್ತದೆ. ಆ ಆಯಾ ಅವರ ಕೈ ಕೂಡ ಮರೆತಿಲ್ಲ.

ವಾರ್ಡಿನಲ್ಲಿ ನಾನು ನೋಡಿದ್ದೂ ಇದೇ. ಇಂಜೆಕ್ಷನ್ ತಗೊಂಡವರಲ್ಲೂ ಅತ್ತುಕೊಂಡು ಹೋದವರಿದ್ದಾರೆ, ಏನೂ ತಗೊಳ್ಳದೆ ನಗುತ್ತಾ ಹೋದವರೂ ಇದ್ದಾರೆ. ತನ್ನನ್ನು ಕೇಳಿದರು, ತನ್ನ ಜೊತೆ ಒಬ್ಬರಿದ್ದರು ಅನ್ನುವವಳು ಹೆರಿಗೆಯನ್ನು ಬೇರೆ ಥರ ನೆನೆಯುತ್ತಾಳೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ, ದುಡ್ಡು ತಗೊಳ್ಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಅಂತ ಎಲ್ಲರೂ ಬರೆದರು. ಹಿಂದಿನ ಕಾಲದ ಹೆರಿಗೆಯಲ್ಲಿ ಅಪಾಯ ಬಹಳ ಇತ್ತು, ಆ ಕಾಲ ವಾಪಸ್ ಬರಲಿ ಅಂತ ನಾನು ಹೇಳುವುದಿಲ್ಲ. ಆದರೆ ನೋವು ಶುರುವಾದಾಗಿನಿಂದ ಮಗುವಿಗೆ ನೀರು ಹಾಕುವ ತನಕ ಸೂಲಗಿತ್ತಿ ಬಸುರಿಯ ಪಕ್ಕದಿಂದ ಏಳುತ್ತಿರಲಿಲ್ಲ. ಅದು ನಮ್ಮ ಆಸ್ಪತ್ರೆಗಳಲ್ಲಿ ತಪ್ಪಿಹೋಯಿತು. ಈಗ ಸರ್ಕಾರಿ ಆಸ್ಪತ್ರೆಯಲ್ಲೂ ಹೆರಿಗೆ ಹೊತ್ತಿನಲ್ಲಿ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆಯಲ್ಲಿ ಎರಡೂ ಇವೆ: ತಾಯಿಗೆ ಬೇಕಾದವರು ಜೊತೆಗಿರಬೇಕು, ಅವಳು ಕೇಳಿದರೆ ಎಪಿಡ್ಯೂರಲ್ ಕೊಡಬಹುದು.

ಹಾಗಾಗಿ ಆಸ್ಪತ್ರೆಯಲ್ಲಿ ಮೊದಲು ಕೇಳಬೇಕಾದದ್ದು, ಒಳಗೆ ಯಾರನ್ನು ಬಿಡುತ್ತೀರಿ, ಇಡೀ ಹೊತ್ತು ಬಿಡುತ್ತೀರಾ ಅಂತ. ಆಮೇಲೆ ಅನಸ್ತೇಶಿಯಾ ಡಾಕ್ಟರು ರಾತ್ರಿಯೂ ಆಸ್ಪತ್ರೆಯಲ್ಲೇ ಇರುತ್ತಾರಾ, ಫೋನ್ ಮಾಡಿ ಕರೆಸುತ್ತಾರಾ ಅಂತ ಕೇಳು. ಬೆಂಗಳೂರಿನ ಟ್ರಾಫಿಕ್ ನಿನಗೆ ಗೊತ್ತು. ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್ ದಾಟಿ ಬರಬೇಕಾದ ಡಾಕ್ಟರನ್ನು ನಂಬಿಕೊಂಡು ನೋವು ತಡೆಯುವುದು ಬಹಳ ಕಷ್ಟ. 'ಪೇನ್‌ಲೆಸ್ ಡೆಲಿವರಿ' ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಮಧ್ಯರಾತ್ರಿ ಅದು ಸಿಗುತ್ತದೆ ಅಂತ ಅಲ್ಲ. ಬಿಲ್ಲಿನಲ್ಲಿ ಅದಕ್ಕೆ ಬೇರೆ ಎಷ್ಟು ಸೇರಿಸುತ್ತಾರೆ, ಇನ್ಶೂರೆನ್ಸಿನಲ್ಲಿ ಬರುತ್ತಾ ಅಂತ ಅಳಿಯಂದಿರು ವಿಚಾರಿಸಲಿ. ಗರ್ಭಕೋಶದ ಬಾಯಿ ಇಷ್ಟು ತೆರೆದ ಮೇಲೆಯೇ ಕೊಡುತ್ತೇವೆ ಅಂತ ಯಾರಾದರೂ ಅಂದರೆ ಯಾಕೆ ಅಂತ ಕೇಳು. ಇಂತಿಷ್ಟು ಸೆಂಟಿಮೀಟರ್ ಆಗಲೇಬೇಕು ಅನ್ನುವ ನಿಯಮ ಈಗ ಇಲ್ಲ. ಆದರೆ ಮಗು ಇನ್ನೇನು ಬಂದೇಬಿಟ್ಟಿತು ಅನ್ನುವಾಗ ಕೇಳಿದರೆ ಅದು ಕೆಲಸ ಮಾಡುವಷ್ಟು ಸಮಯ ಉಳಿದಿರುವುದಿಲ್ಲ.

ಕೆಲವರಿಗೆ ಅದನ್ನು ಕೊಡಲು ಆಗುವುದೇ ಇಲ್ಲ. ರಕ್ತ ತೆಳು ಮಾಡುವ ಇಂಜೆಕ್ಷನ್ ತಗೊಳ್ಳುತ್ತಿರುವವರು ಕೊನೆಯ ಡೋಸ್ ಯಾವಾಗ ತಗೊಂಡರು ಅಂತ ಹೇಳಬೇಕು. ಬೆನ್ನಿನಲ್ಲಿ ಆ ಜಾಗದಲ್ಲಿ ಸೋಂಕಿದ್ದರೆ ಕೊಡುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು 70,000ಕ್ಕಿಂತ ಕೆಳಗಿದ್ದರೆ ಡಾಕ್ಟರು ಹಿಂದೆ ಮುಂದೆ ನೋಡುತ್ತಾರೆ. ನಿನ್ನ ದಿನ ತುಂಬುವುದು ಮಳೆಗಾಲದಲ್ಲಿ, ಊರೆಲ್ಲ ಡೆಂಗೀ, ಅದರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಸೊಳ್ಳೆ ಪರದೆ ಕಟ್ಟಿಕೋ. ಜ್ವರ ಬಂದರೆ ಒಂದು ದಿನವೂ ಕಾಯಬೇಡ.

ಇಂಜೆಕ್ಷನ್ ಬೇಕು ಅಂದುಕೊಂಡಿದ್ದರೂ ಮೊದಲ ಹೆರಿಗೆಯಲ್ಲಿ ಶುರುವಿನ ಹೊತ್ತು ಉದ್ದ, ಅದರಲ್ಲಿ ಬಹುಪಾಲು ಮನೆಯಲ್ಲೇ ಕಳೆಯುತ್ತದೆ. ಓಡಾಡು, ಬೆನ್ನಿಗೆ ಬಿಸಿನೀರು ಹುಯ್ದುಕೋ. ಸೊಂಟದ ಕೆಳಗಿನ ಅಗಲ ಮೂಳೆಯ ಮೇಲೆ ಅಂಗೈ ಬುಡ ಇಟ್ಟು, ನೋವು ಏರುವಾಗ ಗಟ್ಟಿಯಾಗಿ ಒತ್ತಿ ಹಿಡಿದರೆ ಎಷ್ಟೋ ಹಗುರವಾಗುತ್ತದೆ. ಮೆಲ್ಲಗೆ ಸವರಿದರೆ ಪ್ರಯೋಜನವಿಲ್ಲ, ಮೈಭಾರ ಬಿಟ್ಟು ಒತ್ತಬೇಕು. ಭಾನುವಾರ ಅಳಿಯಂದಿರು ಬಂದಾಗ ನಾನೇ ತೋರಿಸಿಕೊಡುತ್ತೇನೆ. ಐದು ನಿಮಿಷಕ್ಕೊಂದು ನೋವು, ಒಂದೊಂದೂ ಒಂದು ನಿಮಿಷ ಇದ್ದು, ಹಾಗೇ ಒಂದು ಗಂಟೆ ನಡೆದರೆ ಹೊರಡೋಣ. ನೀರು ಹೋದರೆ, ರಕ್ತ ಕಂಡರೆ, ಮಗುವಿನ ಆಟ ಕಡಿಮೆ ಅನ್ನಿಸಿದರೆ ಲೆಕ್ಕ ಹಾಕುತ್ತಾ ಕೂರಬೇಡ, ತಕ್ಷಣ ಆಸ್ಪತ್ರೆ.

ಅಲ್ಲಿಗೆ ಹೋದ ಮೇಲೆ ಮನಸ್ಸು ಬದಲಾದರೆ ಬದಲಾಗಲಿ. ಬೇಡ ಅಂದವಳು ಬೇಕು ಅನ್ನಬಹುದು, ಬೇಕು ಅಂದವಳು ಇಷ್ಟು ದೂರ ಬಂದೆನಲ್ಲ ಸಾಕು ಅನ್ನಬಹುದು. ನಿಮ್ಮ ಅತ್ತೆಯವರಿಗೆ ಏನು ಉತ್ತರ ಕೊಡಲಿ ಅಂತ ಆ ಹೊತ್ತಿನಲ್ಲಿ ಯೋಚಿಸಬೇಡ. ಅವರ ಹತ್ತಿರ ನಾನು ಮಾತಾಡುತ್ತೇನೆ. ಅವರೂ ಕಷ್ಟ ಪಟ್ಟು ಹೆತ್ತವರು, ಸಮಾಧಾನವಾಗಿ ಹೇಳಿದರೆ ಕೇಳುತ್ತಾರೆ.

ಗುರುವಾರದ ಚೆಕಪ್‌ಗೆ ನಾನೂ ಬರುತ್ತೇನೆ. ಅನಸ್ತೇಶಿಯಾ ಡಾಕ್ಟರನ್ನು ಅವತ್ತೇ ಭೇಟಿ ಮಾಡಿಸಿ ಅಂತ ಕೇಳೋಣ. ಪ್ರಶ್ನೆಗಳನ್ನು ನೀನೇ ಒಂದು ಚೀಟಿಯಲ್ಲಿ ಬರೆದುಕೊಂಡು ಬಾ, ನೀನೇ ಕೇಳು. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಹಳೆಯ ರಕ್ತ ಪರೀಕ್ಷೆಯ ರಿಪೋರ್ಟುಗಳನ್ನೂ ಫೈಲಿನಲ್ಲಿ ಹಾಕಿಕೋ.

ನಿನ್ನ
ಅಮ್ಮ